ಬೇಲಿಯಾಚೆಯವರ ಮಾತು

ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಚಿಕ್ಕಪ್ಪನ ಹೊಲಕ್ಕೆ ಹೋಗಬೇಕಾದರೆ ಬೇರೆಯವರ ಎರಡು ಹೊಲ ದಾಟಬೇಕು. ಆ ಹೊಲಗಳ ಬದುವಿನ ಪಕ್ಕದಲ್ಲೇ ಒಂದು ಬಂಡಿ ದಾರಿ ಇತ್ತು. ಅಜ್ಜನ ಕಾಲದಿಂದ ಎತ್ತು, ಬಂಡಿ, ಗೊಬ್ಬರದ ಟ್ರ್ಯಾಕ್ಟರು ಎಲ್ಲವೂ ಓಡಾಡಿದ್ದು ಅದರಲ್ಲೇ. ಚಿಕ್ಕಮ್ಮ ಬುತ್ತಿ ಕಟ್ಟಿಕೊಂಡು ಮನೆ ಬಿಟ್ಟರೆ ಸಾರು ಆರುವ ಮೊದಲೇ ಹೊಲ ಮುಟ್ಟುತ್ತಿದ್ದಳು. ಮೂರು ವರ್ಷದ ಹಿಂದೆ ನಡುವಿನ ಆ ಎರಡು ಹೊಲ, ಅದರಾಚೆಯ ಇನ್ನಷ್ಟು ಜಮೀನು ಸೋಲಾರ್ ಕಂಪನಿಯೊಂದಕ್ಕೆ ಗುತ್ತಿಗೆಗೆ ಹೋದವು. ಮೊದಲು ಸರ್ವೆಯವರು ಬಂದು ಕಲ್ಲಿಗೆ ಕೆಂಪು ಬಣ್ಣ ಬಳಿದರು. ಆಮೇಲೆ ಜೆಸಿಬಿ ಬಂದು ಬದುಗಳನ್ನೆಲ್ಲ ನೆಲಸಮ ಮಾಡಿತು. ಕೊನೆಗೆ ಆಳೆತ್ತರದ ತಂತಿಬೇಲಿ ಎದ್ದಿತು. ಈಗ ಚಿಕ್ಕಮ್ಮ ಬೇಲಿಯ ಗುಂಟ ಸುತ್ತಿ, ಹಳ್ಳ ಇಳಿದು ಹತ್ತಿ, ಪಕ್ಕದೂರಿನ ಸರಹದ್ದು ಮುಟ್ಟಿ ತನ್ನದೇ ಹೊಲಕ್ಕೆ ಹೋಗಬೇಕು. ಮಳೆಗಾಲದಲ್ಲಿ ಹಳ್ಳ ಬಂದರೆ ಆ ದಿನದ ಕೆಲಸ ಹೋದಂತೆ.

ಹೋದ ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ ಬೇಲಿಯ ಹತ್ತಿರ ನಿಲ್ಲಿಸಿಕೊಂಡು ಹೇಳಿದ: "ಸೋಲಾರ್ ಬೇಡ ಅಂತ ನಾವ್ಯಾರೂ ಅಂದಿಲ್ಲಪ್ಪ. ಜಮೀನಿನೋನು ಬೆಂಗಳೂರಲ್ಲಿದಾನೆ, ಅಲ್ಲೇ ಹೋಗಿ ಸಹಿ ಹಾಕಿಸ್ಕೊಂಡು ಬಂದ್ರು. ಪಕ್ಕದ ಹೊಲದೋನ್ನ ಒಂದು ಮಾತು ಕೇಳ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ ನೋಡು."

ಸೌರ ವಿದ್ಯುತ್ತಿನ ಬಗ್ಗೆ ನಾನು ಓದಿದ್ದು, ಕಂಡದ್ದು ಎಲ್ಲವನ್ನೂ ಆ ಮಾತು ಮತ್ತೊಮ್ಮೆ ತಿರುವಿ ನೋಡುವಂತೆ ಮಾಡಿತು. ಸೂರ್ಯನ ಬೆಳಕಿನಿಂದ ಕರೆಂಟು ತೆಗೆಯುವುದು ಒಳ್ಳೆಯದೆಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಆದರೂ ಅಮೆರಿಕ, ಇಂಗ್ಲೆಂಡ್, ಇಲ್ಲಿ ನಮ್ಮಲ್ಲಿ, ಎಲ್ಲಿ ದೊಡ್ಡ ಸೋಲಾರ್ ಪಾರ್ಕಿನ ಪ್ರಸ್ತಾಪ ಬಂದರೂ ಅಕ್ಕಪಕ್ಕದವರು ಎದ್ದು ನಿಲ್ಲುತ್ತಾರೆ. ಅವರನ್ನು ಅಭಿವೃದ್ಧಿಗೆ ಅಡ್ಡಗಾಲು ಹಾಕುವವರು ಎಂದು ಬದಿಗೆ ಸರಿಸುವುದು ಸುಲಭ. ಅವರು ಏನು ಹೇಳುತ್ತಿದ್ದಾರೆ ಎಂದು ಕೂತು ಕೇಳಿಸಿಕೊಂಡವರು ಕಡಿಮೆ.

ಮನೆ ಪಕ್ಕಕ್ಕೇ ಯಾಕೆ ಬರುತ್ತದೆ?

ಬಿಸಿಲು ಎಲ್ಲ ಕಡೆ ಬೀಳುತ್ತದೆ. ಯಾರೂ ಇಲ್ಲದ ಬಯಲಿನಲ್ಲಿ ಹಾಕಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಬಿಸಿಲು ಎಲ್ಲ ಕಡೆ ಇದ್ದರೂ ವಿದ್ಯುತ್ ಮಾರ್ಗ ಎಲ್ಲ ಕಡೆ ಇಲ್ಲ. ಪ್ಯಾನೆಲ್‌ನಿಂದ ಬರುವ ನೇರ ವಿದ್ಯುತ್ತನ್ನು ಇನ್ವರ್ಟರ್‌ಗಳಲ್ಲಿ ಪರ್ಯಾಯ ವಿದ್ಯುತ್ತಾಗಿ ಬದಲಿಸಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜು ಏರಿಸಿ ಗ್ರಿಡ್‌ಗೆ ಕೊಡಬೇಕು. ಸಬ್‌ಸ್ಟೇಷನ್ ದೂರವಾದಷ್ಟೂ ಲೈನ್ ಎಳೆಯುವ ಖರ್ಚು ಏರುತ್ತದೆ, ದಾರಿಗೆ ಅಡ್ಡ ಬರುವ ಜಮೀನುಗಳೂ ಹೆಚ್ಚುತ್ತವೆ. ಆದ್ದರಿಂದ ಕಂಪನಿಯವರು ಹುಡುಕುವುದು ಮಟ್ಟಸ ನೆಲ, ಹತ್ತಿರದ ರಸ್ತೆ, ಪಕ್ಕದಲ್ಲೇ ಹಾದುಹೋಗುವ ಹೈಟೆನ್ಷನ್ ಲೈನ್, ಆದಷ್ಟು ಕಡಿಮೆ ಸಂಖ್ಯೆಯ ಮಾಲೀಕರು. ಊರುಗಳು ಹುಟ್ಟುವುದೂ ಇಂಥ ಕಡೆಯೇ.

ಜಾಗವೂ ಸ್ವಲ್ಪ ಸಾಲದು. ಪಾವಗಡದ ಸೋಲಾರ್ ಪಾರ್ಕಿನಲ್ಲಿ 2,050 ಮೆಗಾವಾಟ್‌ಗೆ ಸುಮಾರು 13,000 ಎಕರೆ ಬೇಕಾಯಿತು. ಎಂದರೆ ಒಂದು ಮೆಗಾವಾಟ್‌ಗೆ ಆರು ಎಕರೆಗೂ ಮೇಲೆ. ಕಲ್ಲಿದ್ದಲ ಸ್ಥಾವರ ಇಷ್ಟೊಂದು ಜಾಗ ಹರಡಿಕೊಂಡು ಕೂರುವುದಿಲ್ಲ. ಅದಕ್ಕೆ ಬೇಕಾದ ಗಣಿ ಎಲ್ಲೋ ಒಡಿಶಾದಲ್ಲೋ ಸಿಂಗರೇಣಿಯಲ್ಲೋ ಇರುತ್ತದೆ, ಅದರ ಹೊಗೆ ಎಲ್ಲರ ಗಾಳಿಯಲ್ಲಿ ಸೇರುತ್ತದೆ. ಸೌರ ವಿದ್ಯುತ್ತಿನ ಭಾರ ಪೂರ್ತಿಯಾಗಿ ಒಂದೇ ಜಾಗದ ಮೇಲೆ ಬೀಳುತ್ತದೆ, ಮತ್ತು ಕಣ್ಣಿಗೆ ಕಾಣುತ್ತದೆ. ನೆರೆಯವರ ಸಿಟ್ಟನ್ನು ಅರ್ಥ ಮಾಡಿಕೊಳ್ಳಲು ಈ ಲೆಕ್ಕ ಗೊತ್ತಿರಬೇಕು.

ವರ್ಜೀನಿಯಾದ ಒಂದು ಜಗಳ

ನೆರೆಯವರ ವಿರೋಧ ಪೂರ್ಣ ರೂಪದಲ್ಲಿ ಹೇಗಿರುತ್ತದೆ ಎಂದು ನೋಡಬೇಕಾದರೆ ಅಮೆರಿಕದ ವರ್ಜೀನಿಯಾ ರಾಜ್ಯದ ಸ್ಪಾಟ್ಸಿಲ್ವೇನಿಯಾ ಕೌಂಟಿಗೆ ಹೋಗಬೇಕು. ವಾಷಿಂಗ್ಟನ್ ಮತ್ತು ರಿಚ್ಮಂಡ್ ನಗರಗಳ ನಡುವೆ ಇರುವ ಸೀಮೆ. 1863 ಮತ್ತು 1864ರಲ್ಲಿ ಅಲ್ಲಿನ ಅಂತರ್ಯುದ್ಧದ ಭೀಕರ ಕದನಗಳು ನಡೆದದ್ದು ಈ ಕಾಡುಗಳಲ್ಲೇ. ಯೂಟಾ ರಾಜ್ಯದ ಎಸ್‌ಪವರ್ ಎಂಬ ಕಂಪನಿ ಇಲ್ಲಿನ 6,350 ಎಕರೆ ಮರ ಬೆಳೆಯುವ ಜಮೀನಿನಲ್ಲಿ 500 ಮೆಗಾವಾಟ್ ಸೋಲಾರ್ ಘಟಕ ಕಟ್ಟುವುದಾಗಿ ಹೇಳಿತು. ಸುಮಾರು 3,500 ಎಕರೆ ತುಂಬ ಪ್ಯಾನೆಲ್‌ಗಳು, ಒಟ್ಟು 18 ಲಕ್ಷ. ರಾಕಿ ಪರ್ವತಗಳ ಪೂರ್ವಕ್ಕೆ ಅಲ್ಲಿಯವರೆಗೆ ಅಷ್ಟು ದೊಡ್ಡದು ಇರಲಿಲ್ಲ. 2018ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಇದರಲ್ಲಿ 315 ಮೆಗಾವಾಟ್ ಕೊಳ್ಳುವುದಾಗಿ ಘೋಷಿಸಿತು. ವರ್ಜೀನಿಯಾದ ಉತ್ತರ ಭಾಗದ ಲೌಡನ್ ಕೌಂಟಿಯ ಸುತ್ತ ಡೇಟಾ ಸೆಂಟರ್‌ಗಳ ಊರೇ ಬೆಳೆದಿದೆ. ಬೆಂಗಳೂರಿನಲ್ಲಿ ಕೂತು ನಾವು ಕಳಿಸುವ ಇಮೇಲು, ನೋಡುವ ವಿಡಿಯೊಗಳಲ್ಲಿ ಕೆಲವಾದರೂ ಅಂಥ ಕಟ್ಟಡಗಳನ್ನು ಹಾದು ಬರುತ್ತವೆ. ಅಲ್ಲಿನ ಕಂಪ್ಯೂಟರುಗಳ ವಿದ್ಯುತ್ ಹಸಿವು ದೊಡ್ಡದು.

ಘಟಕದ ಗಡಿಗೆ ತಾಗಿಯೇ ಫಾನ್ ಲೇಕ್ ಎಂಬ ಬಡಾವಣೆ ಇದೆ. ಕೆರೆ, ಗಾಲ್ಫ್ ಮೈದಾನ, ಗೇಟು, ಕಾವಲು ಎಲ್ಲ ಇರುವ, ನಿವೃತ್ತರು ಬಂದು ನೆಲೆಸುವ ಜಾಗ. ಸುತ್ತ ಸಣ್ಣ ತೋಟದ ಮನೆಗಳು, ಸ್ವಂತ ಬಾವಿಯ ನೀರು ಕುಡಿಯುವ ಕುಟುಂಬಗಳೂ ಇದ್ದವು. ಇವರೆಲ್ಲ ಒಟ್ಟಾದರು. ಅಲ್ಲಿ ಜಮೀನು ಬಳಕೆಯ ಅಧಿಕಾರ ಕೌಂಟಿಯ ಚುನಾಯಿತ ಮಂಡಳಿಯ ಕೈಯಲ್ಲಿದೆ. ಇಂಥ ಘಟಕಕ್ಕೆ ವಿಶೇಷ ಬಳಕೆಯ ಪರವಾನಗಿ ಬೇಕು, ಅದಕ್ಕೆ ಮುಂಚೆ ಯೋಜನಾ ಆಯೋಗದ ಮುಂದೆ, ಆಮೇಲೆ ಮಂಡಳಿಯ ಮುಂದೆ ಬಹಿರಂಗ ವಿಚಾರಣೆ ನಡೆಯಬೇಕು. ಯಾರು ಬೇಕಾದರೂ ಮೈಕಿನ ಮುಂದೆ ನಿಲ್ಲಬಹುದು, ನಿಮಗೆ ಇಷ್ಟು ನಿಮಿಷ ಎಂದು ಗಡಿಯಾರ ಇಟ್ಟು ಮಾತಾಡಿಸುತ್ತಾರೆ. ಸ್ಪಾಟ್ಸಿಲ್ವೇನಿಯಾದಲ್ಲಿ ತಿಂಗಳುಗಟ್ಟಲೆ ಇದು ನಡೆಯಿತು.

ಜನ ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ತೂಗಿ ನೋಡಿದರೆ ಕೆಲವು ಗಟ್ಟಿ, ಕೆಲವು ಜೊಳ್ಳು. ಕ್ಯಾಡ್ಮಿಯಂ ಬಗ್ಗೆ ದೊಡ್ಡ ಹೆದರಿಕೆ ಇತ್ತು. ಯೋಜನೆಯ ಕೆಲವು ಪ್ಯಾನೆಲ್‌ಗಳು ಕ್ಯಾಡ್ಮಿಯಂ ಟೆಲ್ಯುರೈಡ್‌ನವು. ಬರೀ ಕ್ಯಾಡ್ಮಿಯಂ ವಿಷ ಎನ್ನುವುದು ನಿಜ. ಆದರೆ ಈ ಪ್ಯಾನೆಲ್‌ನಲ್ಲಿ ಅದು ಟೆಲ್ಯುರಿಯಂ ಜತೆ ಸೇರಿದ ಗಟ್ಟಿ ಸಂಯುಕ್ತ, ಎರಡು ಗಾಜಿನ ನಡುವೆ ಕೂದಲಿಗಿಂತ ತೆಳುವಾದ ಪದರ, ನೀರಿಗೆ ಸುಲಭವಾಗಿ ಕರಗುವಂಥದ್ದಲ್ಲ. ಬಾವಿಗೆ ವಿಷ ಇಳಿಯುತ್ತದೆ ಎಂಬ ಭಯಕ್ಕೆ ಅಷ್ಟು ಆಧಾರವಿಲ್ಲ. ನಮ್ಮ ಕಡೆ ಹಾಕುವ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಸಿಲಿಕಾನ್‌ನವು, ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಶಾಖದ ಮಾತು ಹಾಗಲ್ಲ. ಅರಿಜೋನಾದ ಮರುಭೂಮಿಯಲ್ಲಿ ಅಳತೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸೋಲಾರ್ ಘಟಕದೊಳಗಿನ ಗಾಳಿ ರಾತ್ರಿ ಹೊತ್ತು ಪಕ್ಕದ ಬಯಲಿಗಿಂತ 3ರಿಂದ 4 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿರುವುದನ್ನು ತೋರಿಸಿತು. ಘಟಕದೊಳಗೆ ಅಳೆದ ಅಂಕಿ ಅದು, ಊರಿಗೆ ಊರೇ ಕಾಯುತ್ತದೆ ಎಂದೇನೂ ಹೇಳುವುದಿಲ್ಲ. ಆದರೂ ಬೇಲಿಗೆ ಅಂಟಿಕೊಂಡೇ ಮನೆ ಇರುವವನು ಕೇಳಿದರೆ ಅವನನ್ನು ತಿಳಿಗೇಡಿ ಎನ್ನಲು ಬರುವುದಿಲ್ಲ. ಪಾವಗಡದ ಕಡೆ ಜನ ಸೆಕೆ ಹೆಚ್ಚಾಗಿದೆ ಎಂದಾಗ ನಗುವ ಅಧಿಕಾರಿಗಳು ಈ ಅಧ್ಯಯನವನ್ನು ಒಮ್ಮೆ ಓದಬೇಕು, ಇಲ್ಲಿಯೂ ಒಂದು ತಾಪಮಾಪಕ ನೆಡಬೇಕು.

ಮನೆಯ ಬೆಲೆ ಇಳಿಯುತ್ತದೆ ಎಂಬುದು ಇನ್ನೊಂದು ವಾದ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಆರು ರಾಜ್ಯಗಳ 18 ಲಕ್ಷ ಮನೆ ಮಾರಾಟಗಳನ್ನು ನೋಡಿ 2023ರಲ್ಲಿ ಉತ್ತರ ಕೊಟ್ಟರು. ದೊಡ್ಡ ಘಟಕದಿಂದ ಅರ್ಧ ಮೈಲಿಯೊಳಗಿನ ಮನೆಗಳ ಬೆಲೆ, ಎರಡರಿಂದ ನಾಲ್ಕು ಮೈಲಿ ದೂರದ ಮನೆಗಳಿಗೆ ಹೋಲಿಸಿದರೆ, ಸರಾಸರಿ ಶೇಕಡಾ 1.5ರಷ್ಟು ತಗ್ಗಿತ್ತು. ಆರರಲ್ಲಿ ಮೂರು ರಾಜ್ಯಗಳಲ್ಲಿ ಪರಿಣಾಮವೇ ಕಾಣಲಿಲ್ಲ. ಮೊದಲು ಕೃಷಿ ಭೂಮಿಯಾಗಿದ್ದ ಕಡೆ, ಹಳ್ಳಿಗಾಡಿನಲ್ಲಿ ಪರಿಣಾಮ ಎದ್ದು ಕಂಡಿತು. ಮನೆ ಮುಳುಗಿಹೋಗುತ್ತದೆ ಎಂದವರೂ ಏನೂ ಆಗುವುದಿಲ್ಲ ಎಂದವರೂ ಅರ್ಧ ಸತ್ಯ ಹೇಳುತ್ತಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ದೂರು ಕಟ್ಟುವ ಕಾಲದ್ದು. ಸಾವಿರಾರು ಎಕರೆ ಮರ ಕಡಿದಾಗ ಬೊಡ್ಡೆಗಳನ್ನು ಸುಡುತ್ತಾರೆ, ಹೊಗೆ ಬರುತ್ತದೆ. ಲಕ್ಷಗಟ್ಟಲೆ ಕಬ್ಬಿಣದ ಕಂಬಗಳನ್ನು ಯಂತ್ರದಿಂದ ನೆಲಕ್ಕೆ ಬಡಿಯುವ ಸದ್ದು ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಅದೆಲ್ಲಕ್ಕಿಂತ ಮಣ್ಣು. ಹುಲ್ಲಿನ ಹೊದಿಕೆ ಕಿತ್ತ ನೆಲದ ಮೇಲೆ ಜೋರು ಮಳೆ ಬಿದ್ದರೆ ಮಣ್ಣು ನಿಲ್ಲುವುದಿಲ್ಲ, ಪ್ಯಾನೆಲ್‌ನ ಅಂಚಿನಿಂದ ಸುರಿಯುವ ನೀರು ಕೆಳಗೆ ಕೊರಕಲು ತೋಡುತ್ತದೆ. ಜಾರ್ಜಿಯಾ ರಾಜ್ಯದ ಸ್ಟೀವರ್ಟ್ ಕೌಂಟಿಯಲ್ಲಿ ಹೀಗೆ ಕೊಚ್ಚಿ ಬಂದ ಕೆಸರು ಪಕ್ಕದವರ ಮೀನಿನ ಕೆರೆಯನ್ನು ಕೆಡಿಸಿತು. 2023ರಲ್ಲಿ ಅಲ್ಲಿನ ಜ್ಯೂರಿ ಆ ದಂಪತಿಗೆ 13 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು, ಆಮೇಲೆ ನ್ಯಾಯಾಧೀಶರು ಅದನ್ನು ಬಹಳ ಇಳಿಸಿದರು. ಆ ತಪ್ಪು ಪ್ಯಾನೆಲ್‌ನದ್ದಲ್ಲ. ಮಣ್ಣು ತಡೆಯುವ ಏರ್ಪಾಡು ಸರಿಯಾಗಿ ಮಾಡದೆ ಕೆಲಸ ಶುರು ಮಾಡಿದ ಅವಸರದ್ದು. ನಮ್ಮೂರಿನಲ್ಲಿ ಜೆಸಿಬಿ ಬದು ಕಿತ್ತುಹಾಕಿದ್ದನ್ನು ನೋಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ಬದು ಅಂದರೆ ಗಡಿಗೆರೆ ಮಾತ್ರವಲ್ಲ, ಮಣ್ಣನ್ನು ಹಿಡಿದಿಟ್ಟುಕೊಂಡ ಕೈ ಅದು.

2019ರ ಏಪ್ರಿಲ್‌ನಲ್ಲಿ ಸ್ಪಾಟ್ಸಿಲ್ವೇನಿಯಾದ ಮಂಡಳಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಿರೋಧಿಸಿದವರು ಸೋತರು ಎನ್ನಬಹುದು. ಪೂರ್ತಿ ಸೋತರೇ? ಪರವಾನಗಿಯ ಜತೆ ಮಾರುದ್ದದ ಷರತ್ತುಗಳು ಬಂದವು: ಗಡಿಯಿಂದ ಇಷ್ಟು ಅಂತರ ಬಿಡಬೇಕು, ನಡುವೆ ಮರದ ಸಾಲು ಇರಬೇಕು, ಸುಡುವುದಕ್ಕೆ ನಿಯಮ, ಮಣ್ಣು ಸವೆತಕ್ಕೆ ತಡೆ, ಆಯಸ್ಸು ಮುಗಿದ ಮೇಲೆ ಎಲ್ಲ ಕಿತ್ತು ನೆಲ ಸರಿಮಾಡುವುದಕ್ಕೆ ಮುಂಗಡವೇ ಹಣದ ಭದ್ರತೆ. ಜನ ಬಂದು ಮಾತಾಡದಿದ್ದರೆ ಇವುಗಳಲ್ಲಿ ಎಷ್ಟು ಇರುತ್ತಿದ್ದವು?

ಅದೇ ಬರ್ಕ್ಲಿ ಪ್ರಯೋಗಾಲಯದವರು ದೊಡ್ಡ ಸೋಲಾರ್ ಘಟಕಗಳ ಮೂರು ಮೈಲಿಯೊಳಗೆ ಇರುವವರನ್ನು ಮಾತಾಡಿಸಿ ಇನ್ನೊಂದು ಸಮೀಕ್ಷೆ ಮಾಡಿದ್ದಾರೆ. ಒಟ್ಟಾರೆ ನೋಡಿದರೆ ಘಟಕ ಇಷ್ಟಪಡುವವರು ಇಷ್ಟಪಡದವರ ಮೂರು ಪಟ್ಟಿನ ಹತ್ತಿರ ಇದ್ದಾರೆ. ಆದರೆ 100 ಮೆಗಾವಾಟ್‌ಗಿಂತ ದೊಡ್ಡ ಘಟಕದ ಕಾಲು ಮೈಲಿಯೊಳಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಒಬ್ಬ ಇಷ್ಟಪಟ್ಟರೆ ಹನ್ನೆರಡು ಜನ ಬೇಡ ಎನ್ನುತ್ತಾರೆ.  ಬೇಲಿಯಿಂದ ಎಷ್ಟು ದೂರ, ಘಟಕ ಎಷ್ಟು ದೊಡ್ಡದು ಎನ್ನುವುದರ ಮೇಲೆ ಅಭಿಪ್ರಾಯ ತಿರುಗುತ್ತದೆ.

ನೆರೆಯವರಿಗೆ ಪೂರ್ತಿ ಕೀಲಿಕೈ ಕೊಟ್ಟುಬಿಟ್ಟರೆ ಏನಾಗುತ್ತದೆ ಎನ್ನುವುದನ್ನೂ ಅಮೆರಿಕವೇ ತೋರಿಸಿದೆ. ಒಹಾಯೊ ರಾಜ್ಯ 2021ರಲ್ಲಿ ಒಂದು ಕಾನೂನು ತಂದು 50 ಮೆಗಾವಾಟ್ ಅಥವಾ ಅದಕ್ಕೂ ದೊಡ್ಡ ಸೋಲಾರ್ ಘಟಕಗಳನ್ನು ತಮ್ಮ ಗ್ರಾಮೀಣ ಪ್ರದೇಶದಲ್ಲಿ ನಿಷೇಧಿಸುವ ಅಧಿಕಾರವನ್ನು ಕೌಂಟಿಗಳಿಗೆ ಕೊಟ್ಟಿತು. ಅಲ್ಲಿನ 88 ಕೌಂಟಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೌಂಟಿಗಳು ಬಾಗಿಲು ಹಾಕಿಕೊಂಡವು. ಕಲ್ಲಿದ್ದಲಿಗೂ ಅನಿಲ ಬಾವಿಗೂ ಅಂಥ ಬಾಗಿಲು ಇಲ್ಲ. ಇದು ನನಗೆ ಸರಿಕಾಣುವುದಿಲ್ಲ. ರಾಯಚೂರಿನ ಶಕ್ತಿನಗರದ ಸುತ್ತಲಿನ ಹಳ್ಳಿಗಳಲ್ಲಿ ಒಗೆದು ಹಾಕಿದ ಬಟ್ಟೆಯ ಮೇಲೆ ಹಾರುಬೂದಿ ಕೂರುವುದನ್ನು ಕಂಡವರು ಸೋಲಾರ್ ಬೇಡ ಎನ್ನುವ ಮುಂಚೆ ಯೋಚಿಸುತ್ತಾರೆ. ಆ ಬೂದಿಯ ಬಗ್ಗೆ ಅಲ್ಲಿನವರನ್ನೂ ಯಾರೂ ಕೇಳಿರಲಿಲ್ಲ.

ಪಾವಗಡದ ಗುತ್ತಿಗೆ

ಈಗ ನಮ್ಮ ಕಡೆಗೆ ಬರೋಣ. ತುಮಕೂರು ಜಿಲ್ಲೆಯ ಪಾವಗಡ ಆಂಧ್ರದೊಳಗೆ ಚಾಚಿಕೊಂಡ ತಾಲ್ಲೂಕು. ಮಳೆ ಕೈಕೊಡುವುದು ಅಲ್ಲಿ ಸುದ್ದಿಯೇ ಅಲ್ಲ. ತಿರುಮಣಿ, ವಳ್ಳೂರು, ರಾಯಚರ್ಲು, ಕ್ಯಾತಗಾನಚರ್ಲು, ಬಾಲಸಮುದ್ರ ಈ ಐದು ಊರುಗಳ ಜಮೀನಿನಲ್ಲಿ ಈಗ 'ಶಕ್ತಿ ಸ್ಥಳ' ಎಂಬ ಸೋಲಾರ್ ಪಾರ್ಕ್ ಹರಡಿದೆ. ಕೇಂದ್ರದ ಸೌರ ವಿದ್ಯುತ್ ನಿಗಮ ಮತ್ತು ನಮ್ಮ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕ್ರೆಡಲ್ ಸೇರಿ 2015ರಲ್ಲಿ ಕಟ್ಟಿದ ಸಂಸ್ಥೆ ಇದನ್ನು ಅಭಿವೃದ್ಧಿಪಡಿಸಿತು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತ ಉದ್ಘಾಟಿಸಿದರು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು.

ಇಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು. ರೈತರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ, ಅವಧಿ 28 ವರ್ಷ. ಕಡಲೆಕಾಯಿ ಹಾಕಿ ಆಕಾಶ ನೋಡುತ್ತ ಕೂತು, ಬಿತ್ತನೆ ಬೀಜದ ಸಾಲವೂ ತೀರದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದವರಿಗೆ ವರ್ಷಕ್ಕೊಮ್ಮೆ ಬ್ಯಾಂಕಿಗೆ ಬಂದು ಬೀಳುವ ಹಣ ಸಣ್ಣದಲ್ಲ. ಅದರಿಂದ ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಕಾಲೇಜಿಗೆ ಕಳಿಸಿದವರಿದ್ದಾರೆ. ಆದರೆ ಲೆಕ್ಕವನ್ನು ಕೊನೆಯವರೆಗೆ ಹಾಕಿ ನೋಡಿ. 28 ವರ್ಷದ ಕಟ್ಟಕಡೆಗೆ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ವರ್ಷಕ್ಕೆ ಎರಡೂವರೆ ಪರ್ಸೆಂಟು ಏರಿಕೆ. ಅಕ್ಕಿ, ಎಣ್ಣೆ, ಶಾಲೆಯ ಫೀಜು ಅಷ್ಟು ನಿಧಾನವಾಗಿ ಏರಿದ್ದನ್ನು ಯಾರು ಕಂಡಿದ್ದಾರೆ?

ಜಮೀನು ಇದ್ದವರ ಮಾತು ಇದು. ಇಲ್ಲದವರ ಮಾತೇ ಬೇರೆ. ಕಡಲೆಕಾಯಿ ಒಬ್ಬರಿಂದ ಆಗುವ ಬೆಳೆಯಲ್ಲ. ಬಿತ್ತುವಾಗ, ಕಳೆ ತೆಗೆಯುವಾಗ, ಗಿಡ ಕೀಳುವಾಗ, ಕಾಯಿ ಬಿಡಿಸುವಾಗ ಆಳು ಬೇಕು, ಅದರಲ್ಲೂ ಹೆಣ್ಣಾಳು. 13,000 ಎಕರೆ ಬೇಲಿಯೊಳಗೆ ಹೋದ ದಿನ ಆ ಕೂಲಿಯೂ ಒಳಗೇ ಹೋಯಿತು. ಘಟಕದಲ್ಲಿ ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ರಾತ್ರಿ ಕಾವಲು ಕಾಯುವ ಕೆಲಸ ಇದೆ. ಅದು ಎಲ್ಲರಿಗೂ ಸಾಕಾಗುವಷ್ಟಿಲ್ಲ. ಬೆಳೆ ಕೊಯ್ದ ಮೇಲೆ ಹೊಲಕ್ಕೆ ಕುರಿ ಬಿಡುವುದು ಆ ಸೀಮೆಯ ರೂಢಿ. ಕುರಿಯವನಿಗೆ ಮೇವು, ಹೊಲದವನಿಗೆ ಗೊಬ್ಬರ, ನಡುವೆ ಕಾಗದ ಪತ್ರ ಯಾವುದೂ ಇಲ್ಲ. ಕಾಗದ ಇಲ್ಲದ್ದರಿಂದಲೇ ಅದು ಯಾವ ಒಪ್ಪಂದದಲ್ಲೂ ಸೇರಲಿಲ್ಲ.

ತಿರುಮಣಿಯ ರಸ್ತೆಯಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿದ್ದು ಕಣ್ಣಿಗೆ ಕಟ್ಟಿದೆ. ಬೇಲಿಯ ಆಚೆ ನೀಲಿ ಕಪ್ಪು ಹಲಗೆಗಳ ಸಾಲು ದಿಗಂತದವರೆಗೆ, ಎಲ್ಲವೂ ಒಂದೇ ಕಡೆ ಮುಖ ಮಾಡಿ. ಪ್ಯಾನೆಲ್‌ಗಳ ಅಡಿಯಲ್ಲಿ, ತೊಳೆದ ನೀರು ಇಳಿದ ಕಡೆ, ಹಸಿರು ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಈಚೆ ರಸ್ತೆಯ ಬದಿಯಲ್ಲಿ ನೂರರಷ್ಟು ಕುರಿಗಳು ಬೇಲಿಗೆ ಮೈ ಒತ್ತಿಕೊಂಡು ಒಂದರ ಹಿಂದೊಂದು ಹೋಗುತ್ತಿದ್ದವು. ತಂತಿಯ ಸಂದಿಯಿಂದ ಹೊರಗೆ ಚಾಚಿದ ಹುಲ್ಲನ್ನು ಮೂತಿ ತೂರಿಸಿ ಎಳೆದು ತಿನ್ನುತ್ತಿದ್ದವು. ಹಿಂದೆ ಕಂಬಳಿ ಹೊದ್ದ ಹುಡುಗ. ಒಳಗಿನ ಹುಲ್ಲನ್ನು ಯಂತ್ರದಿಂದ ಕತ್ತರಿಸಿ ಎಸೆಯುತ್ತಾರೆ ಎಂದ. ಅಮೆರಿಕದ ಎಷ್ಟೋ ಸೋಲಾರ್ ಘಟಕಗಳು ಹುಲ್ಲು ಮೇಯಿಸಲು ಕುರಿಯವರಿಗೇ ಹಣ ಕೊಟ್ಟು ಕರೆಸುತ್ತವೆ. ಕೊಚ್ಚಿ ವಿಮಾನ ನಿಲ್ದಾಣದವರು ಪ್ಯಾನೆಲ್ ಸಾಲಿನ ನಡುವೆ ತರಕಾರಿ ಬೆಳೆಯುತ್ತಾರೆ. ಒಂದು ಗೇಟು ತೆರೆದರೆ ಆಗುವ ಕೆಲಸ ಇದು. ಆ ಗೇಟನ್ನು ತೆರೆಯಿಸಿ ಎಂದು ಕೇಳಲು ಕುರಿಯವನಿಗೆ ಕುರ್ಚಿ ಹಾಕಿದ ಸಭೆ ಇರಲಿಲ್ಲ, ಅಷ್ಟೆ.

ಕಾನೂನಿನ ಸಂದಿ

ಇದು ಯಾರೋ ಒಬ್ಬ ಅಧಿಕಾರಿಯ ಕೆಟ್ಟ ಮನಸ್ಸಿನಿಂದ ಆದದ್ದಲ್ಲ. ಕಾನೂನುಗಳ ನಡುವೆ ಒಂದು ಸಂದಿ ಇದೆ, ನೆರೆಯವರು ಅದರಲ್ಲಿ ಬಿದ್ದುಹೋಗುತ್ತಾರೆ.

2013ರ ಭೂಸ್ವಾಧೀನ ಕಾಯ್ದೆ ಬಹಳ ದೂರದ ದೃಷ್ಟಿಯಿಂದ ಒಂದು ಕೆಲಸ ಮಾಡಿತು. ಜಮೀನಿನ ಮಾಲೀಕರಷ್ಟೇ ಅಲ್ಲ, ಆ ಜಮೀನಿನಲ್ಲಿ ಮೂರು ವರ್ಷದಿಂದ ದುಡಿದು ಬದುಕುವ ಕೃಷಿ ಕೂಲಿಗಳು, ಗೇಣಿದಾರರು, ಪಾಲಿಗೆ ಮಾಡುವವರು ಕೂಡ 'ಬಾಧಿತ ಕುಟುಂಬ' ಎಂದು ಬರೆಯಿತು. ಸ್ವಾಧೀನಕ್ಕೆ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಗ್ರಾಮದಲ್ಲಿ ಬಹಿರಂಗ ವಿಚಾರಣೆ ನಡೆಯಬೇಕು ಎಂದಿತು. ಆದರೆ ಇದೆಲ್ಲ ಸ್ವಾಧೀನಕ್ಕೆ. ರೈತ ಮತ್ತು ಕಂಪನಿ ಗುತ್ತಿಗೆ ಪತ್ರ ಮಾಡಿಕೊಂಡರೆ ಅದು ಇಬ್ಬರ ನಡುವಿನ ವ್ಯವಹಾರವಾಗುತ್ತದೆ. ಮೂರನೆಯವನಿಗೆ ಅಲ್ಲಿ ಜಾಗವಿಲ್ಲ. ರೈತನ ಹಕ್ಕು ಉಳಿಸಿದ ಗುತ್ತಿಗೆಯೇ ಕೂಲಿಯವನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು.

ಇನ್ನೊಂದು ಬಾಗಿಲು ಪರಿಸರ ಕಾನೂನಿನದ್ದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ಶಾಖೋತ್ಪನ್ನ ಸ್ಥಾವರಗಳಿಗೆ ಅನುಮತಿ ಬೇಕು, ಜಿಲ್ಲಾಧಿಕಾರಿಯ ಮುಂದೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಸೋಲಾರ್ ಪ್ಯಾನೆಲ್ ಘಟಕಗಳಿಗೆ ಇದು ಅನ್ವಯವಾಗುವುದಿಲ್ಲ ಎಂದು ಕೇಂದ್ರ ಪರಿಸರ ಸಚಿವಾಲಯ ಸ್ಪಷ್ಟಪಡಿಸಿದೆ. ಹೊಗೆ ಇಲ್ಲ, ಬೂದಿ ಇಲ್ಲ, ಆದ್ದರಿಂದ ರಿಯಾಯಿತಿ. ಹತ್ತು ಎಕರೆಯ ಘಟಕಕ್ಕೆ ಈ ರಿಯಾಯಿತಿ ಸರಿಯೇ. ಹತ್ತು ಸಾವಿರ ಎಕರೆಗೂ ಅದೇ ರಿಯಾಯಿತಿ ಎಂದರೆ ಒಪ್ಪಲು ಕಷ್ಟ. ಸಭೆ ಬೇಡವೆಂದ ಮೇಲೆ ದಾರಿ ಹೋದವನು, ಮೇವು ಹೋದವನು ಯಾರ ಮುಂದೆ ನಿಲ್ಲಬೇಕು? ಫಾನ್ ಲೇಕ್‌ನ ನಿವೃತ್ತರಿಗೆ ಸಿಕ್ಕ ಮೈಕು, ಆ ಎಣಿಸಿಟ್ಟ ನಿಮಿಷಗಳು ಇಲ್ಲಿ ಯಾರಿಗೂ ಇಲ್ಲ.

ಮಾಲೀಕನೇ ಇಲ್ಲದ ನೆಲದ ಪಾಡು ಇನ್ನೂ ಕಷ್ಟದ್ದು. ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ನೋಡಿ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ದನಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲುಗಳು ಇವು. ಕೃಷ್ಣಮೃಗ ಓಡಾಡುವ, ಎರ್ಲಡ್ಡು ಹಕ್ಕಿಗೂ ಹಿಂದೆ ನೆಲೆಯಾಗಿದ್ದ ನೆಲ. ಸುತ್ತಲ ಹಳ್ಳಿಗಳ ದನಕುರಿಗಳೂ ಅಲ್ಲೇ ಮೇಯುತ್ತಿದ್ದವು, ಆ ಕುರಿಗಳ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿ. 2008ರಿಂದ 2010ರ ನಡುವೆ ಈ ಕಾವಲುಗಳಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಿಕೆಯಾಯಿತು: ರಕ್ಷಣಾ ಸಂಶೋಧನೆಗೆ, ಅಣು ಸಂಶೋಧನೆಗೆ, ಬಾಹ್ಯಾಕಾಶಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಸೋಲಾರ್ ಪಾರ್ಕಿಗೆಂದು ಖಾಸಗಿ ಕಂಪನಿಯೊಂದಕ್ಕೆ 1,250 ಎಕರೆ. ದಾಖಲೆಯಲ್ಲಿ ಅದು ಸರ್ಕಾರಿ ಜಮೀನು. ಹಾಗಾಗಿ ಕೇಳಬೇಕಾದವರು ಯಾರೂ ಇರಲಿಲ್ಲ. ಹಳ್ಳಿಯವರಲ್ಲಿ ಅನೇಕರಿಗೆ ಸಂಗತಿ ತಿಳಿದದ್ದು ಗೋಡೆ ಏಳುವಾಗ. ಅವರು ಪ್ರತಿಭಟನೆ ಮಾಡಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಯಿತು, ಸತ್ಯಶೋಧನಾ ಸಮಿತಿ ಬಂದು ನೋಡಿತು. 2014ರಲ್ಲಿ ಆದೇಶ ಬರುವ ಹೊತ್ತಿಗೆ ಕಿಲೋಮೀಟರುಗಟ್ಟಲೆ ಗೋಡೆ ನಿಂತಾಗಿತ್ತು. ಆ ಗೋಡೆಯನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಮುಗಿಯುತ್ತದೆ ಎಂದುಕೊಂಡಷ್ಟೂ ಮುಂದುವರಿಯುತ್ತದೆ.

ಈ ಪ್ರಶ್ನೆ ಮುಂದೆ ಇನ್ನಷ್ಟು ಮನೆಗಳ ಬಾಗಿಲಿಗೆ ಬರಲಿದೆ. ದೇಶದ ಸೌರ ಸಾಮರ್ಥ್ಯ 2025ರ ಜನವರಿ ಕೊನೆಗೆ 100 ಗಿಗಾವಾಟ್ ದಾಟಿತು. 2030ರೊಳಗೆ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳಿಂದ 500 ಗಿಗಾವಾಟ್ ಎಂಬ ಗುರಿ ಇದೆ. ಕುಸುಮ್ ಯೋಜನೆಯಡಿ ರೈತರ ಪಂಪ್‌ಸೆಟ್ ಫೀಡರುಗಳಿಗೆ ಹಗಲು ಹೊತ್ತು ಕರೆಂಟು ಕೊಡಲು ಸಬ್‌ಸ್ಟೇಷನ್‌ಗಳ ಸುತ್ತಲೇ ಸಣ್ಣ ಸಣ್ಣ ಘಟಕಗಳು ಬರುತ್ತಿವೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂತೆಂದು ಹಾವು ಚೇಳಿನ ನಡುವೆ ಮೋಟಾರು ಹಾಕಲು ಹೋಗುತ್ತಿದ್ದ ರೈತನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ನಾನು ಇದನ್ನು ಮನಸಾರೆ ಬಯಸುತ್ತೇನೆ. ಆದರೆ ಸಬ್‌ಸ್ಟೇಷನ್ ಇರುವುದು ಊರ ಪಕ್ಕ, ಅದರ ಸುತ್ತ ಸಿಗುವ ಸರ್ಕಾರಿ ಜಾಗ ಹಲವು ಕಡೆ ಗೋಮಾಳ. ಹತ್ತಿಪ್ಪತ್ತು ಎಕರೆಯ ಮಾತಾದ್ದರಿಂದ ಪಾವಗಡದಂತೆ ಯಾರೂ ಬಂದು ಬರೆಯುವುದಿಲ್ಲ. ಬೇಲಿ ಹಾಕುವ ಮುಂಚೆ ಗ್ರಾಮಸಭೆ ಕರೆದು, ನಕಾಶೆ ಹರಡಿ, ಇಲ್ಲಿ ದಾರಿ ಇದೆಯೇ, ಇಲ್ಲಿ ನೀರು ಯಾವ ಕಡೆ ಹರಿಯುತ್ತದೆ, ಇಲ್ಲಿ ಯಾರ ದನ ಮೇಯುತ್ತವೆ ಎಂದು ಕೇಳಲು ಒಂದು ಮಧ್ಯಾಹ್ನ ಸಾಕು. ಅದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ.

ದಾರಿಯ ವಿಷಯದಲ್ಲಿ ಹಳೆಯ ಕಾನೂನು ಇದೆ. ಇಪ್ಪತ್ತು ವರ್ಷ ಅಡೆತಡೆ ಇಲ್ಲದೆ ಹಕ್ಕೆಂದು ಓಡಾಡಿದ ದಾರಿಯನ್ನು 1882ರ ಅನುಭೋಗ ಹಕ್ಕಿನ ಕಾಯ್ದೆ ಮಾನ್ಯ ಮಾಡುತ್ತದೆ. ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆಯಾಗಿ ಕಂಡ ದಾರಿಯನ್ನು ಮುಚ್ಚಿದ್ದರೆ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಾನು ಹಾಗೆ ಹೇಳಿದ್ದಕ್ಕೆ ಚಿಕ್ಕಪ್ಪ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಕವರ್ ತಂದ. ಅದರಲ್ಲಿ ಸರ್ವೆ ನಕಾಶೆಯ ಜೆರಾಕ್ಸು ಇತ್ತು, ಚುಕ್ಕೆಗೆರೆಯ ಮೇಲೆ ಚಿಕ್ಕಪ್ಪನ ಮಗಳು ಹಸಿರು ಸ್ಕೆಚ್ ಪೆನ್ನಿನಲ್ಲಿ ಎಳೆದಿದ್ದಳು. ಕೆಳಗೆ ಅರ್ಜಿಯ ನಕಲು, ಸ್ವೀಕೃತಿಯ ಮೊಹರು, ದಿನಾಂಕ. ಅರ್ಜಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಹಿಂಬರಹ ಬಂದಿರಲಿಲ್ಲ.

"ಇರ್ಲಿ, ಇನ್ನೊಂದು ಬರ್ದು ಕೊಡು," ಅಂದ. ಕಟ್ಟೆಯ ಮೇಲೆ ಕೂತು ಬರೆಯತೊಡಗಿದೆ. ಚಿಕ್ಕಮ್ಮ ಬುತ್ತಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು, ಬಿಸಿಲು ಏರುವುದರೊಳಗೆ ಹಳ್ಳ ದಾಟಬೇಕೆಂದು ಬೇಲಿಯ ಗುಂಟ ಹೊರಟಳು.